ದಾಕ್ಷಿಣ್ಯವೆಂಬ ದಾಸ್ಯ

ಮನೆಯ ಹಿರಿಯ ಸೊಸೆಯನ್ನೋ, ತಂದೆಯ ಭಾರ ಹೊತ್ತ ಮಗನನ್ನೋ ಹೊಗಳಬೇಕಾದಾಗ ಜನರ ಬಾಯಲ್ಲಿ ಮೊದಲು ಬರುವ ಮಾತು ಒಂದೇ: ‘ಬಲು ಒಳ್ಳೆಯ ಜೀವ, ಯಾರು ಏನು ಕೇಳಿದರೂ ಇಲ್ಲವೆಂದುದಿಲ್ಲ.’ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ಊರುಗಳಲ್ಲಿ ಯಾವ ಮದುವೆಯ ಚಪ್ಪರದಡಿ ಕುಳಿತರೂ ಈ ಪ್ರಶಂಸೆ ಕಿವಿಗೆ ಬೀಳದೆ ಇರದು. ಹೆಣ್ಣು ನೋಡಲು ಬಂದವರಿಗೆ ಇದೇ ಯೋಗ್ಯತಾಪತ್ರ. ಸತ್ತವರ ತಿಥಿಯ ದಿನವೂ ಇದೇ ಗುಣಕಥನ. ಆದರೆ ಆ ಒಳ್ಳೆಯ ಜೀವವನ್ನು ಪಕ್ಕಕ್ಕೆ ಕರೆದು, ‘ನಿನಗೆ ಬೇಕಾದುದೇನು?’ ಎಂದು ಕೇಳಿದವರೆಷ್ಟು ಮಂದಿ? ಕೇಳಿದರೆ ದೊರೆಯುವ ಉತ್ತರವೂ ಗೊತ್ತಿರುವುದೇ: ‘ನಿಮಗೆ ಹೇಗೆ ತೋರುತ್ತದೆಯೋ ಹಾಗೆ.’ ನಲವತ್ತು ವರ್ಷ ಬಾಳಿದ ವ್ಯಕ್ತಿಗೆ ತನ್ನ ಇಷ್ಟವೇನೆಂಬುದೇ ತಿಳಿಯದಿರುವುದು ಸದ್ಗುಣವೇ? ಬಹುಪಾಲು ಸಂದರ್ಭಗಳಲ್ಲಿ ಅದು ಎಳೆತನದಲ್ಲಿ ಬಿದ್ದು ಎಂದೂ ಮಾಯದ ಗಾಯ. ಆ ಗಾಯವನ್ನು ಗುಣವೆಂದು ಕರೆದು ಹಾಗೆಯೇ ಉಳಿಸಿಕೊಂಡು ಬರುತ್ತಿರುವುದು ವಿದ್ಯಾವಂತ ಮನೆತನಗಳ ದೊಡ್ಡ ಅಪರಾಧ.

ಮೊದಲು ಎರಡು ಪದಗಳನ್ನು ಬೇರೆಮಾಡಿಕೊಳ್ಳುವುದು ಅವಶ್ಯಕ. ದಯೆ ಬೇರೆ, ದಾಕ್ಷಿಣ್ಯ ಬೇರೆ. ಸಂಸ್ಕೃತದಲ್ಲಿ ದಾಕ್ಷಿಣ್ಯವೆಂದರೆ ಸೌಜನ್ಯ, ಅನುಕೂಲವಾದ ನಡೆ ಎಂಬ ಒಳ್ಳೆಯ ಅರ್ಥವೇ ಉಂಟು. ಕನ್ನಡದ ಬಳಕೆಯಲ್ಲಿ ಆ ಪದವು ಇನ್ನೊಂದು ದಾರಿಯನ್ನು ಹಿಡಿಯಿತು. ಎದುರಿಗಿರುವವರ ಮುಖ ಮುರಿಯಲಾರದೆ ಮನಸ್ಸಿಲ್ಲದ ಕೆಲಸಕ್ಕೆ ತಲೆಯಾಡಿಸುವುದನ್ನು ಕನ್ನಡಿಗರು ದಾಕ್ಷಿಣ್ಯವೆನ್ನುತ್ತಾರೆ. ಅದರ ಫಲವನ್ನು ಹಳ್ಳಿಯ ಜನ ಚೆನ್ನಾಗಿ ಬಲ್ಲರು. ದಾಕ್ಷಿಣ್ಯಕ್ಕೆ ಬಸುರಾದವಳಿಗೆ ಹೆರುವುದಕ್ಕೆ ಜಾಗವಿಲ್ಲವೆಂಬ ಗಾದೆಯು ಒರಟಾದರೂ ಸುಳ್ಳಲ್ಲ. ಒಪ್ಪಿಸಿದವರು ಹೆರಿಗೆಯ ಹೊತ್ತಿಗೆ ಹತ್ತಿರವಿರುವುದಿಲ್ಲ. ಒಪ್ಪಿದವಳು ಮಾತ್ರ ಅಲ್ಲಿರುತ್ತಾಳೆ.

ದಯೆಯನ್ನೂ ದಾಕ್ಷಿಣ್ಯವನ್ನೂ ಹೊರಗಿನಿಂದ ನೋಡಿದವರಿಗೆ ಭೇದ ಕಾಣದು. ಇಬ್ಬರೂ ಕೊಡುತ್ತಾರೆ, ಇಬ್ಬರೂ ನಗುತ್ತಾರೆ, ಇಬ್ಬರ ಮನೆಯಲ್ಲಿಯೂ ಅತಿಥಿಗೆ ಬಿಸಿ ಕಾಫಿ ಸಿಗುತ್ತದೆ. ಭೇದವನ್ನು ತಿಳಿಯುವ ಪರೀಕ್ಷೆ ಒಂದೇ. ಕೊಡುವುದಿಲ್ಲವೆಂದು ಹೇಳುವ ಶಕ್ತಿ ಆ ವ್ಯಕ್ತಿಗೆ ಉಂಟೋ ಇಲ್ಲವೋ? ಉಂಟಾಗಿದ್ದು ಕೊಟ್ಟರೆ ಅದು ದಾನ. ಇಲ್ಲದೆ ಕೊಟ್ಟರೆ ಅದು ಕಪ್ಪ. ಸೋತ ಪಾಳೆಯಗಾರನು ಗೆದ್ದ ಅರಸನಿಗೆ ವರ್ಷವರ್ಷವೂ ಕಪ್ಪವನ್ನು ಸಲ್ಲಿಸುತ್ತಿದ್ದನು. ಅದನ್ನು ಪ್ರೀತಿಯೆಂದು ಯಾವ ಇತಿಹಾಸಕಾರನೂ ಬರೆಯಲಿಲ್ಲ. ಮನೆಯೊಳಗಿನ ಕಪ್ಪವನ್ನು ಮಾತ್ರ ಪ್ರೀತಿಯೆಂದು ಬರೆದಿಡುವುದು ಏತಕ್ಕೆ?

ಈ ಕಪ್ಪವು ಎಂದಿನಿಂದ ಆರಂಭವಾಯಿತೆಂಬುದನ್ನು ವಿಚಾರಿಸಬೇಕು. ಇಲ್ಲವೆನ್ನಲಾರದೆ ಹುಟ್ಟಿದ ಮಗುವೆಂಬುದಿಲ್ಲ; ಎರಡು ವರ್ಷದ ಕೂಸಿಗೆ ‘ಬೇಡ’ ಎಂಬುದೇ ಅತ್ಯಂತ ಪ್ರಿಯವಾದ ಮಾತು. ಆ ಮಾತನ್ನು ಬಾಯಿಂದ ಕಿತ್ತುಕೊಳ್ಳುವ ಮನೆಗಳುಂಟು. ತಂದೆ ಕುಡಿದು ಬರುವ ಮನೆಯ ಮಗುವು ಅಗುಳಿ ತೆಗೆಯುವ ಸದ್ದಿನಿಂದಲೇ ಆ ರಾತ್ರಿ ಹೇಗೆ ಕಳೆಯುವುದೆಂಬುದನ್ನು ಅಳೆಯುತ್ತದೆ. ತಾಯಿ ಸತ್ತು ಸೋದರಮಾವನ ಮನೆಯಲ್ಲಿ ಬೆಳೆಯುವ ಹುಡುಗಿ ಎರಡನೆಯ ಸಲ ಅನ್ನ ಕೇಳುವ ಮುನ್ನ ಅತ್ತೆಯ ಮುಖವನ್ನು ನೋಡಿಕೊಳ್ಳುತ್ತಾಳೆ. ಬಂಧುವೊಬ್ಬನು ಮೈಮೇಲೆ ಕೈಯಿಟ್ಟನೆಂದು ಹೇಳಿದ ಮಗುವಿಗೆ ‘ಸುಮ್ಮನಿರು, ಮನೆಯ ಮಾನ ಹೋಗುತ್ತದೆ’ ಎಂಬ ಉತ್ತರ ಬಂದರೆ, ತನ್ನ ನೋವಿಗಿಂತ ಇತರರ ನೆಮ್ಮದಿ ದೊಡ್ಡದೆಂಬ ಪಾಠವನ್ನು ಅದು ಒಂದೇ ದಿನದಲ್ಲಿ ಕಲಿಯುತ್ತದೆ. ಇಂತಹ ಮಕ್ಕಳು ಮುಖ ಓದುವುದರಲ್ಲಿ ಪಂಡಿತರಾಗುತ್ತಾರೆ. ಆ ಪಾಂಡಿತ್ಯದ ಬೆಲೆಯಾಗಿ ತಮ್ಮ ಮುಖವನ್ನೇ ಮರೆಯುತ್ತಾರೆ.

ಹಾರ್ವರ್ಡ್ ವಿಶ್ವವಿದ್ಯಾನಿಲಯದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ೧೯೧೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅಪಾಯವೆದುರಾದ ಪ್ರಾಣಿಯ ದೇಹವು ಕಾದುವುದಕ್ಕೋ ಓಡುವುದಕ್ಕೋ ಹೇಗೆ ಸಜ್ಜಾಗುತ್ತದೆಂಬುದನ್ನು ವಿವರಿಸಿದನು. ಕಾದಲೂ ಓಡಲೂ ಆಗದ ಪ್ರಾಣಿ ಮರಗಟ್ಟಿ ನಿಲ್ಲುತ್ತದೆಂಬ ಮೂರನೆಯ ಮಾರ್ಗವನ್ನು ಆಮೇಲಿನವರು ಸೇರಿಸಿದರು. ಅಮೆರಿಕದ ಮನಶ್ಚಿಕಿತ್ಸಕ ಪೀಟ್ ವಾಕರ್ ೨೦೧೩ರಲ್ಲಿ ಬರೆದ ಪುಸ್ತಕದಲ್ಲಿ ನಾಲ್ಕನೆಯದೊಂದನ್ನು ಹೇಳುತ್ತಾನೆ: ಹೆದರಿಸುವವನನ್ನೇ ಓಲೈಸಿ ಬದುಕಿಕೊಳ್ಳುವುದು. ಇದು ವೈದ್ಯರ ರೋಗಪಟ್ಟಿಗೆ ಸೇರಿದ ಹೆಸರಲ್ಲ, ಚಿಕಿತ್ಸಕನೊಬ್ಬನು ತನ್ನ ಅನುಭವದಿಂದ ಕೊಟ್ಟ ಹೆಸರು. ಆದರೂ ಅದನ್ನು ಓದಿದ ಎಷ್ಟೋ ಮಂದಿ ದೇಶದೇಶಗಳಲ್ಲಿ ತಮ್ಮ ಬಾಲ್ಯವನ್ನು ಗುರುತಿಸಿಕೊಂಡಿರುವರು. ಮಗುವಿನ ಮಟ್ಟಿಗೆ ಓಲೈಕೆ ತಪ್ಪಲ್ಲ, ಅದು ಬುದ್ಧಿವಂತಿಕೆ. ಓಡಲು ಬೇರೆ ಮನೆಯಿಲ್ಲದ, ಕಾದಲು ತೋಳಿನಲ್ಲಿ ಬಲವಿಲ್ಲದ ಜೀವಕ್ಕೆ ಅದೊಂದೇ ಆಯುಧ. ಕಷ್ಟವಿರುವುದು ಮುಂದೆ. ಹೊಡೆದ ಕೈ ಬೂದಿಯಾಗಿ ಇಪ್ಪತ್ತು ವರ್ಷ ಕಳೆದರೂ, ಮಳೆ ನಿಂತು ಬಿಸಿಲು ಬಂದ ಮೇಲೂ ಕಂಬಳಿಯ ಕೊಪ್ಪೆಯನ್ನು ತೆಗೆಯದವನಂತೆ, ಆ ಮನುಷ್ಯನು ಎಲ್ಲರನ್ನೂ ಓಲೈಸುತ್ತಲೇ ಇರುತ್ತಾನೆ.

ಮತ್ತು ಅವನು ಕೊಪ್ಪೆಯನ್ನು ತೆಗೆಯದಿರಲೆಂಬುದೇ ಸುತ್ತಲಿನವರ ಆಸೆ. ಇಲ್ಲಿಯೇ ಈ ವಿಷಯವು ಒಬ್ಬರ ಮನೋವ್ಯಥೆಯಾಗಿ ಉಳಿಯದೆ ಸಮಾಜದ ಪ್ರಶ್ನೆಯಾಗುವುದು. ಇಲ್ಲವೆನ್ನದ ಅಣ್ಣನೊಬ್ಬನು ಇದ್ದರೆ ತಮ್ಮಂದಿರ ಸಾಲಕ್ಕೆ ಜಾಮೀನು ಹುಡುಕಬೇಕಾಗಿಲ್ಲ. ಇಲ್ಲವೆನ್ನದ ವಿಧವೆ ಅಕ್ಕನೊಬ್ಬಳು ಇದ್ದರೆ ಮನೆಯ ಬಾಣಂತನಗಳಿಗೆಲ್ಲ ಕೂಲಿಯಿಲ್ಲದ ಆಳು ಸಿಕ್ಕಿದಂತೆ. ಇಲ್ಲವೆನ್ನದ ಗುಮಾಸ್ತನಿದ್ದರೆ ಕಚೇರಿಯ ಉಳಿದವರೆಲ್ಲ ಸಂಜೆ ಐದಕ್ಕೆ ಬಸ್ಸು ಹಿಡಿಯಬಹುದು. ಹೊಗಳುವವರು ಯಾರೆಂಬುದನ್ನು ಎಣಿಸಿ ನೋಡಿದರೆ, ಲಾಭ ಪಡೆದವರ ಪಟ್ಟಿಯೂ ಹೊಗಳಿದವರ ಪಟ್ಟಿಯೂ ಒಂದೇ ಆಗಿರುವುದು ಕಾಣುತ್ತದೆ. ರಾಮನಗರದ ಮಾರುಕಟ್ಟೆಗೆ ಬರುವ ರೇಷ್ಮೆಗೂಡನ್ನು ಹುಳು ಕಟ್ಟಿದ್ದು ತಾನು ಚಿಟ್ಟೆಯಾಗುವುದಕ್ಕಾಗಿ. ನೂರಾರು ಮೀಟರ್ ಉದ್ದದ ಎಳೆ ಅಖಂಡವಾಗಿ ಬರಬೇಕಾದರೆ ಹುಳು ಒಳಗೇ ಸಾಯಬೇಕು. ಅದು ತೂತುಮಾಡಿ ಹೊರಬಂದ ಗೂಡು ವ್ಯಾಪಾರಿಯ ಕಣ್ಣಿಗೆ ಕೆಟ್ಟ ಗೂಡು. ರೇಷ್ಮೆಯ ವ್ಯಾಪಾರದಲ್ಲಿ ಇದು ಅನಿವಾರ್ಯವಿರಬಹುದು. ಸಂಸಾರದಲ್ಲಿಯೂ ಇದೇ ಲೆಕ್ಕವೇ?

ಹೀಗೆ ಕೇಳಿದರೆ ಹಿರಿಯರು ಸಂಸ್ಕೃತಿಯ ಮಾತನ್ನೆತ್ತುತ್ತಾರೆ. ತನ್ನನ್ನು ಕೊಟ್ಟು ಬಾಳುವುದೇ ಈ ನಾಡಿನ ಹೆಣ್ಣಿನ ಧರ್ಮವೆನ್ನುತ್ತಾರೆ. ಹಾಗಾದರೆ ನಾಡಿನ ಹಾಡನ್ನೇ ಸಾಕ್ಷಿಗೆ ಕರೆಯೋಣವಾಗಲಿ. ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವು ೧೯೯೪ರಿಂದ ರಾಮನಗರದ ಬಳಿಯಲ್ಲಿ ಬೆಂಗಳೂರು ಮೈಸೂರು ಹೆದ್ದಾರಿಯ ಪಕ್ಕದಲ್ಲಿಯೇ ಇದೆ. ಹಳ್ಳಿಗರ ಹಾಡು ಕಥೆಗಳ ಬೆಲೆಯನ್ನು ಈ ಸೀಮೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಶಾಲೆಯ ಪುಸ್ತಕಗಳಲ್ಲಿ ಓದಿದ ‘ಕೆರೆಗೆ ಹಾರ’ವನ್ನು ನೆನೆಯಿರಿ. ಮಲ್ಲನಗೌಡನು ತೋಡಿಸಿದ ಕೆರೆಯಲ್ಲಿ ನೀರು ಬರಲಿಲ್ಲ. ಸೊಸೆಯನ್ನು ಬಲಿಕೊಡಬೇಕೆಂದು ಶಾಸ್ತ್ರ ಹೇಳಿತು. ಕಿರಿಯ ಸೊಸೆ ಭಾಗೀರಥಿಯನ್ನು ಆರಿಸಿದರು. ಸುದ್ದಿ ತಿಳಿದ ಭಾಗೀರಥಿ ತವರಿಗೆ ಹೋಗುತ್ತಾಳೆ. ಮುಖ ಬಾಡಿರುವುದೇಕೆಂದು ಹೆತ್ತವರು ಕೇಳಿದರೆ, ಅತ್ತೆ ಮಾವ ಬೇರೆ ಇಡುತ್ತಾರಂತೆ ಎಂದು ಸುಳ್ಳು ಹೇಳುತ್ತಾಳೆ. ನಿಜವನ್ನು ಹೇಳುವುದು ಗೆಳತಿಯೊಬ್ಬಳಿಗೆ ಮಾತ್ರ.

ಈ ಹಾಡನ್ನು ತ್ಯಾಗದ ಸ್ತೋತ್ರವೆಂದು ಪಾಠ ಹೇಳುವವರು ಆ ಸುಳ್ಳಿನ ಬಳಿ ನಿಲ್ಲುವುದಿಲ್ಲ. ಸಾವು ಎದುರಿಗಿದ್ದಾಗಲೂ ಹೆತ್ತ ತಂದೆಯ ಮನಸ್ಸು ನೋಯಬಾರದೆಂದು ಬಾಯಿ ಮುಚ್ಚಿಕೊಂಡವಳು ಭಾಗೀರಥಿ. ದಂಡಿನಿಂದ ಮರಳಿದ ಗಂಡ ಮಾದೇವರಾಯನು ನಿಜವನ್ನರಿತು ಅದೇ ಕೆರೆಗೆ ಹಾರುತ್ತಾನೆ. ಹಾಡು ಕಟ್ಟಿದ ಹೆಂಗಸರು ಆ ಮನೆಗೆ ಜಯಕಾರ ಹಾಕಿ ಮುಗಿಸಲಿಲ್ಲ, ಎರಡು ಹೆಣಗಳಿಂದ ಮುಗಿಸಿದರು. ಬೀಸುವ ಕಲ್ಲಿನ ಮುಂದೆ ಕುಳಿತವರಿಗೆ ಗೊತ್ತಿದ್ದ ಸತ್ಯವು ಪದವಿ ಪಡೆದವರಿಗೆ ಕಾಣದೆ ಹೋಯಿತು. ಆ ಹಾಡು ತ್ಯಾಗವನ್ನು ಕಲಿಸುವುದಕ್ಕಿಂತ ಹೆಚ್ಚಾಗಿ, ‘ಆಗದು’ ಎನ್ನಲು ಕಲಿಯದ ಮಗಳ ಗತಿಯೇನೆಂಬುದನ್ನು ತೋರಿಸುತ್ತದೆ.

ಅದು ಹಳೆಯ ಕಾಲದ ಮಾತು, ಈಗ ಕೆರೆಗೆ ಯಾರನ್ನೂ ಕೊಡುವುದಿಲ್ಲವಲ್ಲ ಎನ್ನುವವರು ಯಾವುದಾದರೊಂದು ದಿನ ಸಬ್‌ರಿಜಿಸ್ಟ್ರಾರ್ ಕಚೇರಿಯ ಜಗಲಿಯಲ್ಲಿ ಕುಳಿತು ನೋಡಬಹುದು. ಬೆಂಗಳೂರು ಬೆಳೆದಂತೆ ಕನಕಪುರದ, ರಾಮನಗರದ, ಮಾಗಡಿಯ ಕಡೆಯ ಹೊಲಗಳಿಗೆ ಅಜ್ಜಂದಿರು ಕನಸಿನಲ್ಲಿಯೂ ಕಾಣದ ಬೆಲೆ ಬಂದಿದೆ. ಹೆಣ್ಣುಮಕ್ಕಳ ಹಕ್ಕಿನ ವಿಷಯದಲ್ಲಿ ಶಾಸನವೂ ಹಿಂದೆ ಬಿದ್ದಿಲ್ಲ. ಮೈಸೂರು ಸಂಸ್ಥಾನವು ೧೯೩೩ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕುರಿತು ಶಾಸನ ಮಾಡಿತ್ತು. ಕರ್ನಾಟಕದ ೧೯೯೪ರ ತಿದ್ದುಪಡಿಯು, ಅದಕ್ಕೆ ಮೊದಲೇ ಮದುವೆಯಾದವರನ್ನು ಬಿಟ್ಟು, ಉಳಿದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಸಮಾನವಾದ ಭಾಗವನ್ನು ಕೊಟ್ಟಿತು. ೨೦೦೫ರ ಕೇಂದ್ರ ತಿದ್ದುಪಡಿಯು ವಿವಾಹಿತೆ ಅವಿವಾಹಿತೆಯೆಂಬ ಭೇದವನ್ನೂ ತೆಗೆಯಿತು. ೨೦೨೦ರ ಆಗಸ್ಟ್ ೧೧ರಂದು ಸರ್ವೋಚ್ಚ ನ್ಯಾಯಾಲಯವು, ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದೂ, ೨೦೦೫ರಲ್ಲಿ ತಂದೆ ಬದುಕಿದ್ದಿರಬೇಕೆಂಬ ನಿಯಮವಿಲ್ಲವೆಂದೂ ಸ್ಪಷ್ಟಪಡಿಸಿತು.

ಶಾಸನವು ಹೀಗೆ ಮೂರು ನಾಲ್ಕು ಸಲ ಕೈಗಿತ್ತುದನ್ನು ದಾಕ್ಷಿಣ್ಯವು ಒಂದು ಸಹಿಯಿಂದ ಕಿತ್ತುಕೊಳ್ಳುತ್ತದೆ. ಹಕ್ಕು ಖುಲಾಸೆ ಪತ್ರಕ್ಕೆ ಅಕ್ಕತಂಗಿಯರನ್ನು ಕರೆತರುತ್ತಾರೆ. ಅರಿಶಿನ ಕುಂಕುಮದ ಹೆಸರಿನಲ್ಲಿ ಒಂದು ಸೀರೆ, ಒಂದಿಷ್ಟು ಹಣ. ‘ತವರು ಬೇಕೋ, ತುಂಡು ಭೂಮಿ ಬೇಕೋ?’ ಎಂಬ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಬೇಕಾದುದೂ ಇಲ್ಲ; ಅಣ್ಣನ ಮೌನವೇ ಕೇಳುತ್ತದೆ. ತಿಳಿದು ಮನಸಾರೆ ಬಿಟ್ಟುಕೊಡುವವರು ಇಲ್ಲವೆಂದಲ್ಲ. ತಮ್ಮನ ಕಷ್ಟವನ್ನು ಕಂಡು ತನ್ನ ಪಾಲನ್ನು ಬಿಟ್ಟ ಅಕ್ಕನ ದಾನಕ್ಕೆ ಎಲ್ಲರೂ ತಲೆಬಾಗಬೇಕು. ಆದರೆ ಸಹಿ ಮಾಡುವ ಕೈ ನಡುಗುತ್ತಿದ್ದು, ಮನೆಗೆ ಮರಳಿದ ಮೇಲೆ ನಿದ್ರೆ ಬಾರದೆ ಹೊರಳುವವಳು ಕೊಟ್ಟುದು ದಾನವಲ್ಲ. ಚಿಕ್ಕಂದಿನಲ್ಲಿ ಎರಡನೆಯ ಸಲ ಅನ್ನ ಕೇಳಲು ಹೆದರಿದ ಹುಡುಗಿಯೇ ಐವತ್ತನೆಯ ವಯಸ್ಸಿನಲ್ಲಿ ಆ ಸಹಿಯನ್ನು ಹಾಕಿರುತ್ತಾಳೆ.

ಇದಕ್ಕೆ ಪೂರ್ವಪಕ್ಷವು ಸಿದ್ಧವಾಗಿಯೇ ಇರುತ್ತದೆ. ಪ್ರತಿಯೊಬ್ಬರೂ ‘ನನ್ನ ಇಷ್ಟ’ ಎಂದು ಹೊರಟರೆ ಸಂಸಾರ ಉಳಿಯುವುದೇ? ಮುದುಕರನ್ನು ನೋಡುವವರಾರು? ಇದು ಪಶ್ಚಿಮದಿಂದ ಬಂದ ಸ್ವಾರ್ಥದ ಬೋಧೆಯಲ್ಲವೇ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಬಾರದು. ತನ್ನ ಸುಖವೊಂದನ್ನೇ ನೋಡಿಕೊಂಡು ತಾಯಿತಂದೆಯರನ್ನು ಬೀದಿಗೆ ಬಿಟ್ಟವರು ಇರುವರು. ಅಂಥವರು ಈ ವಾದವನ್ನು ತಮ್ಮ ಗುರಾಣಿಯಾಗಿ ಹಿಡಿಯಲೂಬಹುದು. ಆದರೆ ತನ್ನನ್ನು ಕಂಡುಕೊಂಡವರೆಲ್ಲ ಸ್ವಾರ್ಥಿಗಳಾಗುತ್ತಾರೆಂಬುದು ಸುಳ್ಳು. ಅದಕ್ಕೆ ಉತ್ತರವು ಅಮೆರಿಕದ ಪುಸ್ತಕದಲ್ಲಿಲ್ಲ, ಮಾಗಡಿ ತಾಲ್ಲೂಕಿನ ರಸ್ತೆಯ ಪಕ್ಕದಲ್ಲಿ ಬೇರೂರಿ ನಿಂತಿದೆ.

ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ ಹುಲಿಕಲ್ಲಿನ ಚಿಕ್ಕಯ್ಯನವರನ್ನು ಮದುವೆಯಾದ ತಿಮ್ಮಕ್ಕನವರು ಶಾಲೆಗೆ ಹೋದವರಲ್ಲ; ಕಲ್ಲುಗಣಿಯಲ್ಲಿ ಕೂಲಿ ಮಾಡಿದವರು. ಮದುವೆಯಾಗಿ ವರ್ಷಗಳು ಕಳೆದರೂ ಮಕ್ಕಳಾಗಲಿಲ್ಲ. ಮಕ್ಕಳಿಲ್ಲದ ಹೆಣ್ಣಿಗೆ ಹಳ್ಳಿಯಲ್ಲಿ ಯಾವ ಹೆಸರಿಡುತ್ತಾರೆ, ಶುಭಕಾರ್ಯಗಳಲ್ಲಿ ಆಕೆಯನ್ನು ಎಲ್ಲಿ ಕೂರಿಸುತ್ತಾರೆ ಎಂಬುದನ್ನು ವಿವರಿಸಬೇಕಾಗಿಲ್ಲ. ಊರನ್ನು ಮೆಚ್ಚಿಸಬೇಕಾದರೆ ಆಕೆಯ ಮುಂದಿದ್ದ ದಾರಿ ಒಂದೇ: ತಲೆತಗ್ಗಿಸಿಕೊಂಡು ಮೂಲೆಯಲ್ಲಿರುವುದು. ತಿಮ್ಮಕ್ಕನವರು ಆ ದಾರಿಯನ್ನು ಹಿಡಿಯಲಿಲ್ಲ. ಹುಲಿಕಲ್ಲಿಗೂ ಕುದೂರಿಗೂ ನಡುವಣ ರಸ್ತೆಯಲ್ಲಿ ಗಂಡಹೆಂಡಿರು ಆಲದ ಸಸಿಗಳನ್ನು ನೆಡತೊಡಗಿದರು. ಮೊದಲನೆಯ ವರ್ಷ ೧೦, ಎರಡನೆಯ ವರ್ಷ ೧೫, ಮೂರನೆಯ ವರ್ಷ ೨೦. ನಾಲ್ಕು ಕೊಡ ನೀರನ್ನು ಕಿಲೋಮೀಟರುಗಟ್ಟಲೆ ಹೊತ್ತು ಎರೆದರು; ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು. ಸುಮಾರು ನಾಲ್ಕೂವರೆ ಕಿಲೋಮೀಟರಿನುದ್ದಕ್ಕೆ ೩೮೫ ಆಲದ ಮರಗಳು ನಿಂತವು. ಚಿಕ್ಕಯ್ಯನವರು ೧೯೯೧ರಲ್ಲಿ ತೀರಿಕೊಂಡ ಮೇಲೂ ತಿಮ್ಮಕ್ಕನವರ ಮರದ ಕೆಲಸ ನಿಲ್ಲಲಿಲ್ಲ.

ಈ ಕೆಲಸವನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಬಹುಕಾಲದವರೆಗೆ ಯಾರೂ ಹೊಗಳಲೂ ಇಲ್ಲ. ೧೯೯೫ರಲ್ಲಿ ರಾಷ್ಟ್ರೀಯ ಪೌರ ಪ್ರಶಸ್ತಿ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಮರಗಳು ನೆರಳು ಕೊಡುತ್ತಿದ್ದವು. ಊರಿಗೆಲ್ಲ ನೆರಳಾದ ಈ ಕೆಲಸವು ಊರನ್ನು ಮೆಚ್ಚಿಸುವುದಕ್ಕಾಗಿ ಮಾಡಿದುದಲ್ಲ. ತಮ್ಮ ದುಃಖಕ್ಕೆ ತಾವೇ ಕಂಡುಕೊಂಡ ದಾರಿ. ಓಲೈಕೆಗೂ ಸೇವೆಗೂ ಇರುವ ಅಂತರವು ಇದಕ್ಕಿಂತ ಸ್ಪಷ್ಟವಾಗಿ ಎಲ್ಲಿಯೂ ಕಾಣದು. ತನ್ನನ್ನು ಕಂಡುಕೊಂಡ ಹೆಣ್ಣು ಲೋಕಕ್ಕೆ ಬೆನ್ನು ತಿರುಗಿಸುವಳೆಂಬ ಭಯವಿದ್ದವರು ಆ ರಸ್ತೆಯಲ್ಲಿ ಒಮ್ಮೆ ನಡೆದು ಬರಲಿ.

ಅಧಿಕಾರದ ಮುಂದೆಯೂ ಅವರು ದಾಕ್ಷಿಣ್ಯಕ್ಕೆ ಬಗ್ಗಿದವರಲ್ಲ. ೨೦೧೯ರ ಮಾರ್ಚಿಯಲ್ಲಿ ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನಕ್ಕೆ ಹೋದಾಗ, ಶಿಷ್ಟಾಚಾರವನ್ನು ಲೆಕ್ಕಿಸದೆ ರಾಷ್ಟ್ರಪತಿ ರಾಮನಾಥ ಕೋವಿಂದರ ಹಣೆಯನ್ನು ಮುಟ್ಟಿ ಹರಸಿದರು. ಅದೇ ವರ್ಷ ಬಾಗೇಪಲ್ಲಿ ಹಲಗೂರು ರಸ್ತೆಯನ್ನು ಅಗಲಮಾಡಲು ಆ ಮರಗಳಿಗೇ ಕೊಡಲಿ ಬೀಳುವ ಸಂದರ್ಭ ಬಂದಾಗ, ಸನ್ಮಾನ ಮಾಡಿದ ಸರ್ಕಾರವಲ್ಲವೇ ಎಂದು ಸುಮ್ಮನಿರದೆ, ಕಡಿಯಬಾರದೆಂದು ಮುಖ್ಯಮಂತ್ರಿಗಳನ್ನು ಕೇಳಿದರು. ಸರ್ಕಾರವು ಬೇರೆ ದಾರಿಯನ್ನು ಯೋಚಿಸಬೇಕಾಯಿತು. ಊರಿಗೆ ಆಸ್ಪತ್ರೆ ಬೇಕೆಂದೂ ಬಿಡದೆ ಕೇಳುತ್ತಿದ್ದರು. ೨೦೨೫ರ ನವೆಂಬರ್ ೧೪ರಂದು ಬೆಂಗಳೂರಿನಲ್ಲಿ ಅವರು ನಿಧನರಾದಾಗ ವಯಸ್ಸು ೧೧೪ ಎಂದು ಪತ್ರಿಕೆಗಳು ಬರೆದವು.

ಅವರನ್ನು ಹೊಗಳಿದ ರೀತಿಯಲ್ಲಿಯೂ ಒಂದು ಪಾಠವುಂಟು. ಮರಗಳು ತಮ್ಮ ಮಕ್ಕಳೆಂದು ಸ್ವತಃ ತಿಮ್ಮಕ್ಕನವರೇ ಹೇಳಿದರು. ಹಾಗೆ ಹೇಳುವುದು ಅವರ ಹಕ್ಕು, ಅವರ ದುಃಖಕ್ಕೆ ಅವರು ಕೊಟ್ಟುಕೊಂಡ ಅರ್ಥ. ಆದರೆ ಬಂಜೆಯೆಂದು ಹಳಿದ ಸಮಾಜವೇ ಆಮೇಲೆ ‘ವೃಕ್ಷಮಾತೆ’ಯೆಂದು ಕೈಮುಗಿದಾಗ, ತನ್ನ ಹಳೆಯ ತಪ್ಪನ್ನು ಒಪ್ಪಿಕೊಂಡಿತೇ? ತಾಯಿಯಾದರೆ ಮಾತ್ರ ಹೆಣ್ಣಿಗೆ ಬೆಲೆಯೆಂಬ ಅದೇ ಅಳತೆಗೋಲನ್ನು ಇಟ್ಟುಕೊಂಡು, ಮರವನ್ನು ಮಗುವಿನ ಲೆಕ್ಕಕ್ಕೆ ಬರೆದುಕೊಂಡಿತಷ್ಟೆ. ತಿಮ್ಮಕ್ಕನವರ ಭಾವಚಿತ್ರಕ್ಕೆ ಹಾರ ಹಾಕಿದ ಸಭೆಯಿಂದ ಮನೆಗೆ ಬಂದು, ಮಕ್ಕಳಿಲ್ಲದ ನಾದಿನಿಯನ್ನು ಸೀಮಂತದ ಆರತಿಗೆ ಕರೆಯದಿರುವವರು ಯಾರನ್ನು ಗೌರವಿಸಿದಂತಾಯಿತು?

ತಿಮ್ಮಕ್ಕನವರಿಗೆ ಜೊತೆಯಲ್ಲಿ ಕೊಡ ಹೊತ್ತ ಗಂಡನಿದ್ದನು. ಎಲ್ಲರಿಗೂ ಆ ಭಾಗ್ಯವಿಲ್ಲ. ತ್ರಿವೇಣಿಯವರ ‘ಶರಪಂಜರ’ವನ್ನು ಓದಿದವರಿಗೂ, ಪುಟ್ಟಣ್ಣ ಕಣಗಾಲರು ೧೯೭೧ರಲ್ಲಿ ಮಾಡಿದ ಚಲನಚಿತ್ರವನ್ನು ನೋಡಿದವರಿಗೂ ಕಾವೇರಿಯ ಕಥೆ ತಿಳಿದಿದೆ. ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಮರಳಿದವಳನ್ನು ಮನೆಯೂ ನೆರೆಯೂ ನಂಬಲಿಲ್ಲ. ಆಕೆಯ ನಗುವಿನಲ್ಲಿಯೂ ಕೋಪದಲ್ಲಿಯೂ ಹುಚ್ಚನ್ನೇ ಹುಡುಕಿದರು. ಕೊನೆಗೆ ಆ ಅನುಮಾನವೇ ಆಕೆಯನ್ನು ಮತ್ತೆ ಆಸ್ಪತ್ರೆಗೆ ಅಟ್ಟಿತು. ತ್ರಿವೇಣಿಯವರು ೧೯೬೩ರಲ್ಲಿ ತೀರಿಕೊಂಡರು. ಅವರು ತೋರಿಸಿದ ಮನೆಗಳು ಇನ್ನೂ ಇವೆ. ಗಾಯ ಮಾಯುತ್ತಿರುವವರು ಮೊದಲ ಬಾರಿ ‘ನನಗೆ ಆಗುವುದಿಲ್ಲ’ ಎಂದಾಗ ಆ ಮನೆಗಳು ಹೇಳುವುದೇನು? ‘ಯಾಕೋ ಈಚೆಗೆ ಇವಳ ತಲೆ ಸರಿಯಿಲ್ಲ’, ‘ಯಾರೋ ಕಿವಿಯೂದಿದ್ದಾರೆ’, ‘ಓದಿದ್ದು ಹೆಚ್ಚಾಯಿತು.’ ಆರೋಗ್ಯದ ಮೊದಲ ಲಕ್ಷಣವನ್ನೇ ರೋಗವೆಂದು ಕರೆಯುವ ಕ್ರಮ ಇದು.

ಹಾಗಾದರೆ ಮಾಡತಕ್ಕದ್ದೇನು? ಗಾಯಗೊಂಡವರ ಪಾಲಿನ ಕೆಲಸ ಮೊದಲನೆಯದು. ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ ೧೯೯೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆಘಾತದಿಂದ ಚೇತರಿಸುವ ದಾರಿಯನ್ನು ಮೂರು ಘಟ್ಟಗಳಾಗಿ ಹೇಳಿದ್ದಾರೆ: ಮೊದಲು ಸುರಕ್ಷಿತವಾಗಿರುವುದು, ಬಳಿಕ ಆದುದನ್ನು ನೆನೆದು ಅಳುವುದು, ಕೊನೆಗೆ ಬದುಕಿನೊಡನೆ ಮತ್ತೆ ಸಂಬಂಧ ಬೆಳೆಸುವುದು. ಈ ಅನುಕ್ರಮವನ್ನು ಮರೆಯಬಾರದು. ಇಲ್ಲವೆಂದರೆ ಏಟು ಬೀಳುವ ಮನೆಯಲ್ಲಿರುವವಳಿಗೆ ‘ಧೈರ್ಯವಾಗಿ ಇಲ್ಲವೆನ್ನು’ ಎಂದು ಬೋಧಿಸುವುದು ಕ್ರೌರ್ಯ. ಆಕೆಗೆ ಮೊದಲು ಬೇಕಾದುದು ಆಶ್ರಯ ಮತ್ತು ಕಾನೂನಿನ ರಕ್ಷಣೆ. ಕೌಟುಂಬಿಕ ಹಿಂಸೆಯ ವಿರುದ್ಧ ೨೦೦೫ರ ಶಾಸನವಿರುವುದು ಅದಕ್ಕಾಗಿಯೇ. ಸುರಕ್ಷಿತವಾಗಿರುವವರು ಚಿಕ್ಕದರಿಂದ ಆರಂಭಿಸಬಹುದು. ಕೇಳಿದೊಡನೆ ಹೂಂ ಎನ್ನದೆ, ಯೋಚಿಸಿ ನಾಳೆ ಹೇಳುವೆನೆನ್ನುವುದು. ಯಾವ ಪತ್ರಕ್ಕೂ ಓದದೆ, ಒಂದು ರಾತ್ರಿ ಕಳೆಯದೆ ಸಹಿ ಮಾಡದಿರುವುದು. ಅಡಿಗೆ ಏನೆಂದು ಕೇಳಿದರೆ ಒಂದು ಪದಾರ್ಥದ ಹೆಸರನ್ನಾದರೂ ಹೇಳುವುದು. ಗಾಯವಾಗುವ ಮುನ್ನ, ಹತ್ತು ಹನ್ನೆರಡರ ಪ್ರಾಯದಲ್ಲಿ, ಯಾವುದರಲ್ಲಿ ಮೈಮರೆಯುತ್ತಿದ್ದರೋ ಆ ಹಾಡಿಗೋ ಚಿತ್ರಕ್ಕೋ ತೋಟಕ್ಕೋ ದಿನಕ್ಕೆ ಅರ್ಧ ಗಂಟೆ ಕೊಡುವುದು. ಮೊದಮೊದಲು ಎದೆ ಹೊಡೆದುಕೊಳ್ಳುವುದು, ಪಾಪ ಮಾಡಿದಂತೆ ತೋರುವುದು. ಅದು ಪಾಪಪ್ರಜ್ಞೆಯಲ್ಲ, ಹಳೆಯ ಹೆದರಿಕೆ. ಭಾರ ತಡೆಯಲಾರದವರು ವೈದ್ಯರ ಬಳಿ ಹೋಗಲು ನಾಚಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಈ ಊರುಗಳಿಂದ ದೂರವಿಲ್ಲ. ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರದ ಸೇವೆಯಲ್ಲಿ ೧೪೪೧೬ ಎಂಬ ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಎರಡನೆಯ ಕೆಲಸ ಮನೆಯವರದು, ಅದೇ ಕಷ್ಟತರವಾದುದು. ವರ್ಷಗಟ್ಟಲೆ ಬಾಯಿಮುಚ್ಚಿಕೊಂಡಿದ್ದವರ ಮೊದಲ ‘ಇಲ್ಲ’ವು ನಯವಾಗಿರುವುದಿಲ್ಲ. ಅದು ಒರಟಾಗಿ, ಅಕಾಲದಲ್ಲಿ, ಕೆಲವೊಮ್ಮೆ ಅಳುವಿನೊಡನೆ ಬರುತ್ತದೆ. ಚಿಕ್ಕ ವಿಷಯಕ್ಕೆ ದೊಡ್ಡ ಕೋಪವಾಗಿಯೂ ಬರುತ್ತದೆ. ಅದರ ಧ್ವನಿಯನ್ನು ತಿದ್ದಲು ಹೊರಡದೆ ಅರ್ಥವನ್ನು ಕೇಳಿಸಿಕೊಳ್ಳುವುದು ಮನೆಯವರ ಕರ್ತವ್ಯ. ಮುದುಕರ ಸೇವೆ, ಬಾಣಂತನ, ಬಂಧುಗಳ ಸಾಲ ಇವು ನಿಜವಾಗಿಯೂ ಮನೆಯ ಭಾರಗಳೇ ಆದರೆ ಮನೆಯವರೆಲ್ಲರೂ ಹಂಚಿಕೊಳ್ಳಲಿ. ಇಲ್ಲವೆನ್ನಲಾರದವರೊಬ್ಬರ ಬೆನ್ನಮೇಲೆ ಹೇರಿ ಅದಕ್ಕೆ ಸಂಸ್ಕೃತಿಯೆಂಬ ಹೆಸರಿಡುವುದು ಬೇಡ. ಆಸ್ತಿಯ ಪತ್ರಕ್ಕೆ ಸಹಿ ಕೇಳುವ ಅಣ್ಣನು ಅಕ್ಕತಂಗಿಯರ ಪಾಲಿನ ಬೆಲೆಯನ್ನು ಮೊದಲು ತಾನೇ ಬಾಯಿಬಿಟ್ಟು ಹೇಳಲಿ. ಕೊಡುವುದಿಲ್ಲವೆಂದರೂ ಮುಂದಿನ ಗೌರಿ ಹಬ್ಬಕ್ಕೆ ಬಾಗಿನ ತಪ್ಪದೆಂಬುದನ್ನೂ ಅದೇ ಉಸಿರಿನಲ್ಲಿ ಹೇಳಲಿ. ಮಕ್ಕಳಿಗೆ ನಮಸ್ಕಾರವನ್ನು ಕಲಿಸುವಂತೆಯೇ ‘ಬೇಡ’ವೆನ್ನುವುದನ್ನೂ ಕಲಿಸಲಿ.

ಇಷ್ಟು ಮಾಡಿದರೆ ಕೆಲವು ಮನೆಗಳ ಸುಖಕ್ಕೆ ಭಂಗ ಬರುವುದು ನಿಶ್ಚಯ. ಒಬ್ಬರ ಮೌನದ ಮೇಲೆ ಕಟ್ಟಿದ ಸುಖವು ಭಂಗವಾಗತಕ್ಕದ್ದೇ. ಎಷ್ಟು ಮಂದಿ ಪದವೀಧರರಿದ್ದಾರೆ, ಕಪಾಟಿನಲ್ಲಿ ಎಷ್ಟು ಪುಸ್ತಕಗಳಿವೆ ಎಂಬುದರಿಂದ ಒಂದು ಮನೆಯ ವಿದ್ಯೆಯನ್ನು ಅಳೆಯುವ ವಾಡಿಕೆಯುಂಟು. ಅದಕ್ಕಿಂತ ನೇರವಾದ ಅಳತೆ ಬೇರೊಂದಿದೆ. ಎಂದೂ ಇಲ್ಲವೆನ್ನದವರು ಇಲ್ಲವೆಂದ ದಿನ ಆ ಮನೆ ಹೇಗೆ ನಡೆದುಕೊಳ್ಳುತ್ತದೆಂಬುದನ್ನು ನೋಡಿದರೆ ಸಾಕು.